ಮೇಣದ ಬಟ್ಟೆ ಕೊಂಡ ನೆಲ

ಊರಿಂದ ನೆಂಟರು ಬಂದರೆ ಅವರಿಗೆ ಮದರಾಸು ತೋರಿಸುವ ಕ್ರಮ ನಮ್ಮ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಒಂದೇ. ಮೊದಲ ದಿನ ಮೈಲಾಪುರದ ಕಪಾಲೀಶ್ವರ, ಸಂಜೆ ಮರೀನಾ. ಎರಡನೆಯ ದಿನ ಹೆಂಗಸರಿಗೆ ಟಿ. ನಗರದ ಸೀರೆ ಅಂಗಡಿ, ಗಂಡಸರಿಗೆ ಆ ಅಂಗಡಿಯ ಮೆಟ್ಟಿಲು. ಮೂರನೆಯ ದಿನ ಮಹಾಬಲಿಪುರ. (ಊರಿನ ಹೆಸರು 1996ರಲ್ಲೇ ಚೆನ್ನೈ ಆಯಿತು. ನನ್ನ ಬಾಯಿ ಮಾತ್ರ ಇನ್ನೂ ಮದರಾಸಿನಲ್ಲೇ ಇದೆ, ಓದುಗರು ಕ್ಷಮಿಸಬೇಕು.) ಮಹಾಬಲಿಪುರದ ದಾರಿಯಲ್ಲಿ ತಿರುವಾನ್ಮಿಯೂರು ದಾಟಿ ಒಂದಿಷ್ಟು ದೂರ ಹೋದರೆ ಈಂಜಂಬಾಕ್ಕಂ ಸಿಗುತ್ತದೆ. ಅಲ್ಲಿ ಎಡಗಡೆ, ಅಂದರೆ ಸಮುದ್ರದ ಕಡೆ, ಮರಗಳ ನಡುವೆ ಚೋಳಮಂಡಲ ಕಲಾವಿದರ ಗ್ರಾಮ. ಮುಂದೆ ಮೊಸಳೆ ಪಾರ್ಕ್ ಇದೆ ಅಂತ ಮಕ್ಕಳಿಗೆ ಗೊತ್ತಿರುವುದರಿಂದ ಇಲ್ಲಿ ಕಾರು ನಿಲ್ಲಿಸಲು ಯಾರೂ ಒಪ್ಪುವುದಿಲ್ಲ.

ಒಮ್ಮೆ ಹಟ ಮಾಡಿ ನಿಲ್ಲಿಸಿದೆ. ನನ್ನ ಹೆಂಡತಿಯ ತಮ್ಮ ಜೊತೆಯಲ್ಲಿದ್ದ. ಹಾಸನ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ ಸೆಕ್ರೆಟರಿಯಾಗಿದ್ದವನು. "ಭಾವ, ಇಲ್ಲೇನಿದೆ?" ಅಂದ. "ಚಿತ್ರ ಬರೆಯೋರು, ಶಿಲ್ಪ ಮಾಡೋರು ಸೇರಿ ಕಟ್ಟಿಕೊಂಡ ಊರು ಕಣೋ" ಅಂದೆ. ಅವನು ಸುತ್ತ ನೋಡಿದ. ಮರದ ನೆರಳು, ಕಲ್ಲಿನ ಶಿಲ್ಪಗಳು, ಒಳಗೆ ಮನೆಗಳು. "ಇವರಿಗೆ ದುಡ್ಡು ಎಲ್ಲಿಂದ ಬರುತ್ತೆ?" ಅಂತ ಕೇಳಿದ.

ಆ ಪ್ರಶ್ನೆಗೆ ಅವತ್ತು ನಾನು ಸರಿಯಾಗಿ ಉತ್ತರ ಕೊಟ್ಟೆ. ಆದರೆ ಅದೇ ಪ್ರಶ್ನೆಯನ್ನು ಅದಕ್ಕೆ ಬಹಳ ಮೊದಲು ನಾನೇ ಬೇರೆಯವರಿಗೆ ಕೇಳಿದ್ದೆ. ಆಗ ಉತ್ತರ ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

1996ರ ಮಾತು. ನಾನು ದಕ್ಷಿಣ ಮದರಾಸಿನ ಒಂದು ಶಾಖೆಯಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತಿದ್ದೆ. ಒಂದು ದಿನ ಆರು ಜನ ಹುಡುಗ ಹುಡುಗಿಯರು ಒಟ್ಟಿಗೆ ಬಂದು ಮೇಜಿನ ಮುಂದೆ ನಿಂತರು. ಎರಡೇ ಕುರ್ಚಿ ಇದ್ದದ್ದರಿಂದ ಯಾರೂ ಕೂರಲಿಲ್ಲ. ಎಲ್ಲರೂ ಕಲಾ ಕಾಲೇಜಿನಲ್ಲಿ ಓದಿ ಹೊರಬಿದ್ದವರು. ಎಚ್ಚಿಂಗ್ ಪ್ರೆಸ್ ಕೊಂಡು, ಒಂದು ಶೆಡ್ ಬಾಡಿಗೆಗೆ ಹಿಡಿದು, ಯಾವ ಕಲಾವಿದ ಬೇಕಾದರೂ ಬಂದು ಮುದ್ರಣ ಮಾಡಿಕೊಂಡು ಹೋಗುವಂಥ ಒಂದು ಕೇಂದ್ರ ತೆರೆಯಬೇಕು ಅನ್ನುವುದು ಅವರ ಆಸೆ. ಎರಡು ಲಕ್ಷ ರೂ. ಸಾಲ ಬೇಕು. ನನ್ನ ಹೆಸರಿನ ಹಲಗೆ ಓದಿದ ಒಬ್ಬಳು ಹುಡುಗಿ, "ಸರ್, ನೀವು ಕನ್ನಡದವ್ರೇನ್ರಿ?" ಅಂದಳು. ಧಾರವಾಡದ ಕಡೆಯವಳು. ಆಮೇಲೆ ಅವರ ವಕೀಲಿಕೆಯೆಲ್ಲ ಕನ್ನಡದಲ್ಲೇ ನಡೆಯಿತು. ಉಳಿದ ಐವರು ನಮ್ಮ ಮುಖ ನೋಡುತ್ತ ನಿಂತಿದ್ದರು.

ಎಚ್ಚಿಂಗ್ ಅಂದರೇನು ಅಂತ ನನಗೆ ತಿಳಿದದ್ದೇ ಅವತ್ತು. ಸತುವಿನ ಅಥವಾ ತಾಮ್ರದ ತಗಡಿಗೆ ಮೇಣದಂಥ ಒಂದು ಲೇಪ ಬಳಿಯುತ್ತಾರೆ. ಅದರ ಮೇಲೆ ಸೂಜಿಯಿಂದ ಗೀರಿ ಚಿತ್ರ ಬರೆಯುತ್ತಾರೆ. ತಗಡನ್ನು ಆಮ್ಲದಲ್ಲಿ ಮುಳುಗಿಸಿದರೆ ಗೀರಿದ ಕಡೆ ಮಾತ್ರ ಆಮ್ಲ ತಿಂದು ಕಾಲುವೆಯಾಗುತ್ತದೆ. ಲೇಪ ತೆಗೆದು, ಶಾಯಿ ತುಂಬಿ, ಮೇಲಿನ ಶಾಯಿ ಒರೆಸಿ, ಒದ್ದೆ ಕಾಗದ ಹಾಸಿ ಎರಡು ಉಕ್ಕಿನ ಉರುಳೆಗಳ ನಡುವೆ ಒತ್ತಿ ದಾಟಿಸಿದರೆ ಕಾಲುವೆಯಲ್ಲಿದ್ದ ಶಾಯಿ ಕಾಗದಕ್ಕೆ ಏರುತ್ತದೆ. ಪ್ರತಿ ಸಲವೂ ಶಾಯಿ ತುಂಬಿ ಒರೆಸಬೇಕು. ಹೀಗೆ ಹತ್ತೋ ಇಪ್ಪತ್ತೋ ಪ್ರತಿ ತೆಗೆದು, ಕೆಳಗೆ ಪೆನ್ಸಿಲಿನಲ್ಲಿ ಇಪ್ಪತ್ತರಲ್ಲಿ ಇದು ಎಷ್ಟನೆಯದು ಅಂತ ಬರೆದು, ಸಹಿ ಹಾಕುತ್ತಾರೆ. ಪ್ರೆಸ್ಸು ಭಾರದ್ದು, ದುಬಾರಿ. ಒಬ್ಬನಿಗೆ ಕೊಳ್ಳಲು ಆಗದು, ಕೊಂಡರೂ ದಿನವಿಡೀ ಅದಕ್ಕೆ ಕೆಲಸ ಕೊಡಲು ಆಗದು. ಚಿತ್ರ ಬರೆಯುವವನು ಮನೆಯ ಮೂಲೆಯಲ್ಲಿ ಕೂತು ಬರೆದಾನು, ಮುದ್ರಣ ಮಾಡುವವರು ಮಾತ್ರ ಸಂಘ ಕಟ್ಟಲೇಬೇಕು.

ಗ್ರೀಮ್ಸ್ ರಸ್ತೆಯಲ್ಲಿ ಲಲಿತ ಕಲಾ ಅಕಾಡೆಮಿಯ ಪ್ರಾದೇಶಿಕ ಕೇಂದ್ರ ಇದೆಯಲ್ಲ, ಅಲ್ಲಿ ಗ್ರಾಫಿಕ್ ಸ್ಟುಡಿಯೋ ಇದೆಯಂತಲ್ಲ ಅಂದೆ. ಅಷ್ಟು ವಿಚಾರಿಸಿಕೊಂಡಿದ್ದೆ. "ಅಲ್ಲೂ ಹೋಗ್ತೇವ್ರಿ ಸರ್. ಆದ್ರ ನಮ್ದು ಅಂತ ಒಂದು ಇರಬೇಕಲ್ರಿ" ಅಂದಳು.

ಪ್ರಾಜೆಕ್ಟ್ ರಿಪೋರ್ಟ್ ನೋಡಿದೆ. ಯಾರೋ ಅಕೌಂಟೆಂಟನ ಕೈಯಲ್ಲಿ ಮಾಡಿಸಿದ್ದರು. ತಿಂಗಳಿಗೆ ನಲವತ್ತು ಪ್ರತಿ ಮಾರಾಟ, ಪ್ರತಿಗೆ 500 ರೂ. "ಹೋದ ವರ್ಷ ನೀವು ಆರು ಜನ ಸೇರಿ ಎಷ್ಟು ಮಾರಿದಿರಿ?" ಅಂದೆ. ಅವರವರಲ್ಲೇ ಬೆರಳೆಣಿಸಿ, "ಹನ್ನೊಂದು" ಅಂದರು. ಸುಳ್ಳು ಹೇಳಲಿಲ್ಲ, ಅದು ಅವರ ದೊಡ್ಡತನ. ಸೆಕ್ಯೂರಿಟಿ ಏನು ಅಂದೆ. "ಮೆಷೀನ್ ಅಡಾ ಇಟ್ಕೊಳ್ರಿ ಸರ್" ಅಂದಳು. ನಾಳೆ ಕಂತು ನಿಂತರೆ ಆ ಮೆಷೀನನ್ನು ಬ್ಯಾಂಕು ಯಾರಿಗೆ ಹರಾಜು ಹಾಕಬೇಕು? ಬೇಕಾದವರು ಇಡೀ ಊರಿನಲ್ಲಿ ಆ ಆರು ಜನವೇ. ಶೆಡ್ಡಿನ ಬಾಡಿಗೆ, ಕಂತು, ಕಾಗದ, ಶಾಯಿ ಎಲ್ಲ ಕೂಡಿಸಿದೆ. ಆರು ತಿಂಗಳೂ ನಡೆಯುವ ಲೆಕ್ಕ ಅಲ್ಲ ಅದು. ಅರ್ಜಿಯ ಮೇಲೆ 'ಲಾಭದಾಯಕವಲ್ಲ' ಅನ್ನುವ ಅರ್ಥದ ಎರಡು ಸಾಲು ಇಂಗ್ಲಿಷಿನಲ್ಲಿ ಬರೆದು, ಮೇಲಿನವರ ಸಹಿ ಪಡೆದು, ತಿರಸ್ಕಾರದ ಪತ್ರ ಕಳಿಸಿದೆ.

ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಇವತ್ತಿನ ಯಾವ ಆಫೀಸರನೂ ಅದನ್ನೇ ಮಾಡುತ್ತಾನೆ. ಆದರೆ ಆ ಮೇಜಿನಿಂದ ಕಾರಿನಲ್ಲಿ ಅರ್ಧ ಗಂಟೆಯ ದೂರದಲ್ಲಿ, ಸೆಕ್ಯೂರಿಟಿ ಇಲ್ಲದ ಕಲಾವಿದರು ಕಟ್ಟಿದ ಊರೊಂದು ಮೂವತ್ತು ವರ್ಷದಿಂದ ನಿಂತಿತ್ತು. ಅದು ಹೇಗೆ ನಿಂತಿತು ಅಂತ ಆಗ ನನಗೆ ಗೊತ್ತಿದ್ದಿದ್ದರೆ ನಾನು ಅವರಿಗೆ ಬೇರೆ ಪ್ರಶ್ನೆ ಕೇಳುತ್ತಿದ್ದೆ. ಆ ಚರಿತ್ರೆಯನ್ನು ನಾನು ಓದಿದ್ದು, ಕೇಳಿ ತಿಳಿದದ್ದು ಆಮೇಲೆ, ನಿಧಾನವಾಗಿ.

ಮದರಾಸಿನ ಕಲಾ ಶಾಲೆ ಹಳೆಯದು. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಅನ್ನುವ ವೈದ್ಯರು ಶುರು ಮಾಡಿದ್ದು. ಬ್ರಿಟಿಷರಿಗೆ ಅಲ್ಲಿ ಬೇಕಾಗಿದ್ದದ್ದು ಚಿತ್ರಕಾರರಿಗಿಂತ ಹೆಚ್ಚಾಗಿ ಕುಶಲಕರ್ಮಿಗಳು. ಹೀಗಾಗಿ ಕಸುಬಿನ ಕೈಕೆಲಸ ಆ ಶಾಲೆಯ ಗೋಡೆಯಲ್ಲೇ ಇತ್ತು. 1929ರಲ್ಲಿ ಮೊದಲ ಭಾರತೀಯ ಪ್ರಿನ್ಸಿಪಾಲರಾಗಿ ಬಂದವರು ದೇವಿಪ್ರಸಾದ್ ರಾಯ್ ಚೌಧುರಿ. ಮರೀನಾದಲ್ಲಿ ಬಂಡೆ ಉರುಳಿಸುತ್ತಿರುವ ಕಾರ್ಮಿಕರ ವಿಗ್ರಹ ಇದೆಯಲ್ಲ, ಅದು ಅವರದ್ದು. ಅವರ ನಂತರ 1957ರಲ್ಲಿ ಆ ಕುರ್ಚಿಗೆ ಬಂದವರು ಕೆ.ಸಿ.ಎಸ್. ಪಣಿಕ್ಕರ್.

ಪಣಿಕ್ಕರ್ ಹುಟ್ಟಿದ್ದು 1911ರಲ್ಲಿ, ಕೊಯಮತ್ತೂರಿನಲ್ಲಿ. ಮನೆ ನಡೆಸಲು ಓದು ಬಿಟ್ಟು ಟೆಲಿಗ್ರಾಫ್ ಇಲಾಖೆಯಲ್ಲಿ ಕೆಲಸ ಮಾಡಿ, ಆಮೇಲೆ ದೊಡ್ಡವರಾಗಿ ಕಲಾ ಶಾಲೆಗೆ ಸೇರಿದವರು. ಇದು ಮುಖ್ಯ ಅಂತ ನನಗನಿಸುತ್ತದೆ. ತಿಂಗಳ ಕೊನೆಯ ವಾರ ಹೇಗಿರುತ್ತದೆ ಅಂತ ಗೊತ್ತಿದ್ದ ಮೇಷ್ಟ್ರು ಅವರು. ಪ್ರಿನ್ಸಿಪಾಲರಾಗಿ ಕೂತಾಗ ಅವರ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ. ವರ್ಷ ವರ್ಷವೂ ಒಳ್ಳೊಳ್ಳೆ ಹುಡುಗರು ಕಲಿತು ಹೊರಗೆ ಹೋಗುತ್ತಾರೆ, ಹೋಗಿ ಎಲ್ಲೋ ಡ್ರಾಯಿಂಗ್ ಮೇಷ್ಟ್ರೋ ಜಾಹೀರಾತಿನ ಕಂಪನಿಯ ನೌಕರನೋ ಆಗುತ್ತಾರೆ, ಕ್ರಮೇಣ ಕುಂಚ ಒಣಗುತ್ತದೆ. ಮದರಾಸಿನಲ್ಲಿ ಚಿತ್ರ ಕೊಳ್ಳುವವರು ಬೆರಳೆಣಿಕೆ. ಬೊಂಬಾಯಿಯಲ್ಲಿದ್ದಂಥ ಗಿರಾಕಿಗಳು, ಗ್ಯಾಲರಿಗಳು ಇಲ್ಲಿರಲಿಲ್ಲ. ಸ್ವಲ್ಪ ಅದೃಷ್ಟವಿದ್ದವರಿಗೆ ಕೇಂದ್ರ ಸರ್ಕಾರದ ನೇಕಾರರ ಸೇವಾ ಕೇಂದ್ರದಲ್ಲಿ ಸೀರೆಯ ವಿನ್ಯಾಸ ಮಾಡುವ ಕೆಲಸ ಸಿಗುತ್ತಿತ್ತು. ಗಾಂಧಿಯ ರೇಖಾಚಿತ್ರಗಳಿಗೆ ಹೆಸರಾದ ಆದಿಮೂಲಂ ಅಲ್ಲಿದ್ದವರೇ.

ಪಣಿಕ್ಕರ್ ಹೇಳಿದ್ದು ಇಷ್ಟು: ಹೊಟ್ಟೆಗೆ ಕೈಕೆಲಸ ಮಾಡೋಣ, ಮಿಕ್ಕ ಹೊತ್ತಿನಲ್ಲಿ ನಮ್ಮ ಚಿತ್ರ ಬರೆಯೋಣ, ಚಿತ್ರವನ್ನು ಮಾರುಕಟ್ಟೆಗೆ ಒತ್ತೆ ಇಡುವುದು ಬೇಡ. 1960ರ ದಶಕದ ಮೊದಲಲ್ಲಿ ಗುರು ಶಿಷ್ಯರು ಸೇರಿ ಕಲಾವಿದರ ಕರಕುಶಲ ಸಂಘ ಕಟ್ಟಿದರು. ಅವರು ಹಿಡಿದ ಕೈಕೆಲಸಗಳಲ್ಲಿ ಮುಖ್ಯವಾದದ್ದು ಬಾಟಿಕ್.

ಬಾಟಿಕ್ ಜಾವಾ ದ್ವೀಪದ್ದು. 1927ರಲ್ಲಿ ಟಾಗೋರರು ಜಾವಾಕ್ಕೆ ಹೋಗಿ ಬಂದ ಮೇಲೆ ಶಾಂತಿನಿಕೇತನದಲ್ಲಿ ಅದು ಬೇರು ಬಿಟ್ಟಿತು. ಬಟ್ಟೆಯ ಮೇಲೆ ಕರಗಿಸಿದ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದುತ್ತಾರೆ. ಮೇಣ ಇದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಒಣಗಿಸಿ, ಮತ್ತೆ ಮೇಣ, ಮತ್ತೆ ಇನ್ನೊಂದು ಬಣ್ಣ. ಕೊನೆಗೆ ಕುದಿಯುವ ನೀರಿನಲ್ಲಿ ಮೇಣ ತೆಗೆಯುತ್ತಾರೆ. ಮೇಣ ಅಲ್ಲಲ್ಲಿ ಬಿರುಕು ಬಿಟ್ಟು ಬಣ್ಣ ಒಳಗಿಳಿದ ಸಣ್ಣ ಗೆರೆಗಳೇ ಅದರ ಸೊಗಸು. ಎಚ್ಚಿಂಗ್‌ನಲ್ಲಿ ತಗಡು ಕಾಯುವುದೂ ಮೇಣ, ಇಲ್ಲಿ ಬಟ್ಟೆ ಕಾಯುವುದೂ ಮೇಣ. ಒಂದರಲ್ಲಿ ಆಮ್ಲ, ಇನ್ನೊಂದರಲ್ಲಿ ಬಣ್ಣ.

ಈಗ ಬ್ಯಾಂಕಿನವನ ಕಣ್ಣಿಂದ ನೋಡಿ. ಬಾಟಿಕ್‌ಗೆ ಬೇಕಾದ ಬಂಡವಾಳ ಏನು? ಬಟ್ಟೆ, ಮೇಣ, ಬಣ್ಣದ ಪುಡಿ, ಒಂದು ಸೀಮೆಎಣ್ಣೆ ಸ್ಟೋವು, ಎರಡು ತೊಟ್ಟಿ. ಯಂತ್ರವಿಲ್ಲ, ಶೆಡ್ಡೂ ಬೇಡ, ಮರದ ನೆರಳು ಸಾಕು. ವಾರದಲ್ಲಿ ಮಾಡಿ ವಾರದಲ್ಲಿ ಮಾರಬಹುದು, ದುಡ್ಡು ತಿರುಗಿ ಕೈಗೆ ಬರುತ್ತದೆ. ಕೊಳ್ಳುವವಳಿಗೆ ಅದು ಸೀರೆ, ಪರದೆ, ಗೋಡೆಗೆ ನೇತು ಹಾಕುವ ವಸ್ತು. 'ಇದರ ಅರ್ಥವೇನು' ಅಂತ ಯಾರೂ ಕೇಳುವುದಿಲ್ಲ. ಆ ದಶಕದಲ್ಲಿ ಪ್ರಪಂಚವೆಲ್ಲ ಬಾಟಿಕ್ ಹುಚ್ಚು ಬೇರೆ. ಕಾಲೇಜಿನಲ್ಲಿ ವರ್ಷಗಟ್ಟಲೆ ರೇಖೆ ಪಳಗಿದ ಕೈಗಳು ಮೇಣದಲ್ಲಿ ಬರೆದರೆ ಹೇಗಿರಬೇಡ! ಪ್ರದರ್ಶನಗಳಲ್ಲಿ ಇಟ್ಟದ್ದು ಖಾಲಿಯಾಯಿತು. ಬಂದ ಹಣದಲ್ಲಿ ಮಾಡಿದವನಿಗೆ ಅವನ ಪಾಲು, ಸಂಘಕ್ಕೆ ಒಂದು ಪಾಲು.

ಆ ಸಂಘದ ಪಾಲನ್ನು ಅವರು ಹಂಚಿಕೊಂಡು ತಿನ್ನಲಿಲ್ಲ. 1966ರಲ್ಲಿ ಈಂಜಂಬಾಕ್ಕಂನಲ್ಲಿ ಎಂಟು ಹತ್ತು ಎಕರೆ ಮರಳು ನೆಲ ಕೊಂಡರು. ಆಗ ಅದು ಮದರಾಸಲ್ಲ. ಚೆಂಗಲ್ಪಟ್ಟು ಜಿಲ್ಲೆಯ ಸವುಕದ ತೋಪು, ಮೀನುಗಾರರ ಕೇರಿ. ಮಹಾನಗರಪಾಲಿಕೆಗೆ ಆ ಊರು ಸೇರಿದ್ದೇ 2011ರಲ್ಲಿ. ಇವತ್ತಿನ ಈಸ್ಟ್ ಕೋಸ್ಟ್ ರೋಡ್ ಆಗ ಇರಲಿಲ್ಲ. ಬುದ್ಧಿಯಿದ್ದವರು ಯಾರೂ ಕೊಳ್ಳದ ನೆಲವಾದ್ದರಿಂದ ಮೇಣದ ಬಟ್ಟೆಯ ದುಡ್ಡಿಗೆ ಅದು ಎಟುಕಿತು. ಮೊದಲು ಗರಿಯ ಗುಡಿಸಲು ಹಾಕಿಕೊಂಡರು, ಆಮೇಲೆ ಒಬ್ಬೊಬ್ಬರೇ ಮನೆ ಕಟ್ಟಿಕೊಂಡರು. ಚೋಳರು ಆಳಿದ ಕರಾವಳಿ ಅಂತ ಚೋಳಮಂಡಲ ಅನ್ನುವ ಹೆಸರು. ಇಂಗ್ಲಿಷಿನವರ ಬಾಯಲ್ಲಿ ಕೋರಮಂಡಲ್ ಆದದ್ದೂ ಅದೇ ಮಾತು.

ಆ ಸ್ಥಾಪಕ ಸದಸ್ಯರಲ್ಲಿ ನಮ್ಮವರೊಬ್ಬರು ಇದ್ದರು ಅಂತ ಹೇಳಿದರೆ ಊರಿನವರಿಗೆ ಆಶ್ಚರ್ಯವಾಗುತ್ತದೆ. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎಸ್.ಜಿ. ವಾಸುದೇವ್. 1960ರಲ್ಲಿ ಮದರಾಸಿನ ಕಲಾ ಶಾಲೆಗೆ ಬಂದು, ಪಣಿಕ್ಕರರ ಶಿಷ್ಯರಾಗಿ, ಬಾಟಿಕ್ ಮಾಡಿ, ತಾಮ್ರದ ತಗಡಿನಲ್ಲಿ ಉಬ್ಬು ಚಿತ್ರ ಮಾಡಿ, ಚೋಳಮಂಡಲದ ಮರಳಿನಲ್ಲಿ ಮನೆ ಕಟ್ಟಿದವರು. ಅವರ ಪತ್ನಿ ಅರ್ನವಾಜ್ ಕೂಡ ಚಿತ್ರಕಲಾವಿದೆ. ಅದೇ ಕಾಲದಲ್ಲಿ ಗಿರೀಶ ಕಾರ್ನಾಡರು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ನೌಕರಿಯಲ್ಲಿದ್ದರು. 1970ರಲ್ಲಿ ಬಂದ 'ಸಂಸ್ಕಾರ' ಚಿತ್ರದ ಕಲಾ ನಿರ್ದೇಶನ ವಾಸುದೇವ್ ಅವರದ್ದು. ಪಟ್ಟಾಭಿರಾಮ ರೆಡ್ಡಿ ನಿರ್ದೇಶನ, ಕಾರ್ನಾಡರ ಚಿತ್ರಕಥೆ. ಶೃಂಗೇರಿಯ ಹತ್ತಿರದ ಅಗ್ರಹಾರದಲ್ಲಿ ತೆಗೆದ ಸಿನಿಮಾ ಅದು, ಆದರೆ ಅದರ ಗೆಳೆತನಗಳು ಕುದುರಿದ್ದು ಬಹುಪಾಲು ಮದರಾಸಿನಲ್ಲಿ. ವಾಸುದೇವ್ 1980ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಮರಳಿದರು. ಪರಸ್ಥಳದಲ್ಲಿ ಇದ್ದು ಗಳಿಸಿದ್ದನ್ನು ಊರಿಗೆ ತಂದವರ ಪಟ್ಟಿ ಮಾಡುವಾಗ ನಾವು ಉಡುಪಿ ಹೋಟೆಲಿನವರನ್ನು, ಬ್ಯಾಂಕಿನವರನ್ನು ನೆನೆಯುತ್ತೇವೆ, ಇಂಥವರನ್ನು ಮರೆಯುತ್ತೇವೆ.

ಬಾಟಿಕ್ ಹುಚ್ಚು ಶಾಶ್ವತವಾಗಿ ಉಳಿಯಲಿಲ್ಲ. ಗಿರಣಿಗಳು ಬಾಟಿಕ್‌ನಂತೆಯೇ ಕಾಣುವ ಬಟ್ಟೆಯನ್ನು ಯಂತ್ರದಲ್ಲಿ ಅಚ್ಚು ಹೊಡೆದು ಅಗ್ಗಕ್ಕೆ ಮಾರಿದ ಮೇಲೆ ಕೈಮೇಣದ ಬಟ್ಟೆಗೆ ಬೆಲೆ ಹೇಗೆ ಬಂದೀತು? ಆದರೆ ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿತ್ತು. ನಾವು ದೊಡ್ಡ ಸಾಲ ಕೊಡುವಾಗ ಮೊದಲ ಒಂದೆರಡು ವರ್ಷ ಕಂತು ಕಟ್ಟುವುದು ಬೇಡ ಅಂತ ಅವಧಿ ಕೊಡುತ್ತೇವೆ, ಮಾರಟೋರಿಯಂ ಅಂತ. ಗಿಡ ನೆಟ್ಟವನಿಗೆ ಫಲ ಬರುವವರೆಗೆ ಉಸಿರಾಡಲು ಬಿಟ್ಟ ಕಾಲ. ಬಾಟಿಕ್ ಆ ಕಲಾವಿದರಿಗೆ ಅಂಥ ಹತ್ತು ವರ್ಷ ಕೊಟ್ಟಿತು. ಆ ಹತ್ತು ವರ್ಷದಲ್ಲಿ ಅವರ ಚಿತ್ರಗಳಿಗೆ, ಶಿಲ್ಪಗಳಿಗೆ ದೇಶದಲ್ಲೂ ಹೊರಗೂ ಹೆಸರು ಬಂತು. ಯಾವ ಬ್ಯಾಂಕೂ ಕೊಡದ ಅವಧಿಯನ್ನು ತಮ್ಮ ಅರ್ಧ ದಿನದ ದುಡಿಮೆಯಿಂದ ತಾವೇ ಕೊಟ್ಟುಕೊಂಡರು.

ಇನ್ನೊಂದು ಸಂಗತಿ ನೆಲ. ನಾನು ಸಾಲದ ವಿಭಾಗದಲ್ಲಿ ಕಂಡಂತೆ ಸಣ್ಣ ಸಂಸ್ಥೆಗಳನ್ನು ಕೊಲ್ಲುವುದು ಬಡ್ಡಿಗಿಂತ ಹೆಚ್ಚಾಗಿ ಬಾಡಿಗೆ. ವ್ಯಾಪಾರ ಬಿದ್ದ ತಿಂಗಳು ಕಾಗದ ಕೊಳ್ಳದೆ ಇರಬಹುದು, ಬಾಡಿಗೆ ಕೊಡದೆ ಇರಲಾಗದು. ಚೋಳಮಂಡಲದವರಿಗೆ ಆ ತಿಂಗಳ ಭಯ ಇರಲಿಲ್ಲ. ಬಾಟಿಕ್ ಹೋದ ಮೇಲೂ ನೆಲ ಇತ್ತು, ನೆಲದ ಮೇಲೆ ಗ್ಯಾಲರಿ, ಬಯಲು ರಂಗಮಂದಿರ, ಹೊರಗಿನಿಂದ ಬಂದವರಿಗೆ ಉಳಿದುಕೊಂಡು ಕೆಲಸ ಮಾಡುವ ಸ್ಟುಡಿಯೋ. ಪಣಿಕ್ಕರ್ 1977ರಲ್ಲಿ ತೀರಿಕೊಂಡರು. ಮುಂದೆ ಅವರ ಮಗ, ಶಿಲ್ಪಿ ಎಸ್. ನಂದಗೋಪಾಲ್ ಬಹಳ ಕಾಲ ಗ್ರಾಮದ ಕೆಲಸ ಹೊತ್ತರು. 2009ರಲ್ಲಿ ಮದರಾಸು ಪಂಥದ ಕಲಾವಿದರ ಕೃತಿಗಳ ಮ್ಯೂಸಿಯಂ ತೆರೆಯಿತು. ಪ್ರದರ್ಶನಕ್ಕೆ ಬಾಡಿಗೆಗೆ ಕೊಡುವ ಹಾಲ್‌ಗಳೂ ಇವೆ. ನಂದಗೋಪಾಲ್ 2017ರಲ್ಲಿ ಹೋದರು.

ಚಿತ್ರ ಮುದ್ರಿಸುವವರ ಕಥೆ ಇಷ್ಟು ಸಲೀಸಲ್ಲ. ಅವರದ್ದು ಮೊದಲೇ ಯಂತ್ರ ಬೇಡುವ ಕಸುಬು. ಇದಕ್ಕೆ ನಮ್ಮ ದೇಶದ ಅತಿ ದೊಡ್ಡ ಉದಾಹರಣೆ ರಾಜಾ ರವಿವರ್ಮ. ನಮ್ಮ ಅಜ್ಜಿಯರ ದೇವರ ಗೂಡಿನಲ್ಲಿ ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ಬಂದದ್ದು ಎಲ್ಲಿಂದ? 1894ರಲ್ಲಿ ಬೊಂಬಾಯಿಯಲ್ಲಿ ಶುರುವಾದ ಅವರ ಪ್ರೆಸ್ಸಿನಿಂದ. ಜರ್ಮನಿಯ ಯಂತ್ರ, ಜರ್ಮನ್ ತಂತ್ರಜ್ಞರು, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲು. ಚಿತ್ರ ಮನೆ ಮನೆಗೂ ಹೋಯಿತು, ಆದರೆ ಪ್ರೆಸ್ಸು ಸಾಲದಲ್ಲಿ ಮುಳುಗಿತು. ಬೊಂಬಾಯಿಗೆ ಪ್ಲೇಗು ಬಂತು. ಪ್ರೆಸ್ಸನ್ನು ಲೋಣಾವಳದ ಹತ್ತಿರದ ಮಳವಳಿಗೆ ಸಾಗಿಸಿದರು (ನಮ್ಮ ಮಂಡ್ಯದ ಮಳವಳ್ಳಿ ಅಲ್ಲ, ಪುಣೆಯ ರೈಲಿನಲ್ಲಿ ಹೋದವರಿಗೆ ಗೊತ್ತಿರುತ್ತದೆ). ಕೊನೆಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಮ್ಮಲ್ಲೇ ಕೆಲಸಕ್ಕಿದ್ದ ಫ್ರಿಟ್ಸ್ ಶ್ಲೈಶರ್ ಅನ್ನುವ ಜರ್ಮನ್ನನಿಗೆ ಮಾರಿದರು. ಅದೇ ಯಂತ್ರದಲ್ಲಿ ಶ್ಲೈಶರ್ ದೇವರ ಪಟಗಳ ಜೊತೆಗೆ ಲೇಬಲ್, ಪೋಸ್ಟ್‌ಕಾರ್ಡ್, ಜಾಹೀರಾತು ಮುದ್ರಿಸಿದ. ಪ್ರೆಸ್ಸು ದಶಕಗಳ ಕಾಲ ನಡೆಯಿತು. 1972ರಲ್ಲಿ ಬೆಂಕಿ ಬಿದ್ದು ಬಹಳಷ್ಟು ಪಟಗಳು ಸುಟ್ಟುಹೋದವು. ರವಿವರ್ಮ ಆ ಹೊತ್ತಿಗೆ ಮತ್ತೆ ಅರಮನೆಗಳಿಗೆ ಚಿತ್ರ ಬರೆಯುತ್ತಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾವು ನೋಡುವ ಪೌರಾಣಿಕ ಚಿತ್ರಗಳು ಅವರ ಕೊನೆಯ ವರ್ಷಗಳವು. 1906ರಲ್ಲಿ ತೀರಿಕೊಂಡರು. ಲೇಬಲ್ ಅಚ್ಚು ಹಾಕಲು ರಾಜನಿಗೆ ಮನಸ್ಸು ಬರಲಿಲ್ಲವೋ ಬಿಡುವಿರಲಿಲ್ಲವೋ. ಲೆಕ್ಕದ ಪುಸ್ತಕಕ್ಕೆ ಎರಡೂ ಒಂದೇ.

ದಿಲ್ಲಿಯಲ್ಲಿ 1968ರಲ್ಲಿ ಜಗಮೋಹನ್ ಚೋಪ್ರಾ ಅನ್ನುವ ಮೇಷ್ಟ್ರು ತಮ್ಮ ಶಿಷ್ಯರನ್ನು ಕಟ್ಟಿಕೊಂಡು 'ಗ್ರೂಪ್ 8' ಅಂತ ಮುದ್ರಣ ಕಲಾವಿದರ ಗುಂಪು ಮಾಡಿದರು. ಆಮೇಲೆ ದೊಡ್ಡ ಹೆಸರು ಮಾಡಿದ ಅನುಪಮ್ ಸೂದ್ ಆ ಗುಂಪಿನ ಅತಿ ಕಿರಿಯಳು. ಅವರ ಪ್ರೆಸ್ಸು ಇದ್ದದ್ದು ಮೇಷ್ಟ್ರ ಮನೆಯಲ್ಲಿ. ಬಾಡಿಗೆ ಎಷ್ಟು ಅಂತ ಹೇಳಬೇಕಾಗಿಲ್ಲ. ಆಮೇಲೆ 1976ರಲ್ಲಿ ದಿಲ್ಲಿಯ ಗಢಿಯಲ್ಲಿ ಅಕಾಡೆಮಿಯೇ ಸ್ಟುಡಿಯೋ ತೆರೆಯಿತು. ಬರೋಡದಲ್ಲಿ 1999ರಲ್ಲಿ ಗುಲಾಂ ಮೊಹಮ್ಮದ್ ಶೇಖ್, ಕವಿತಾ ಶಾ ಮತ್ತು ನಮ್ಮ ಕರ್ನಾಟಕದಿಂದ ಹೋದ ವಿಜಯ್ ಬಾಗೋಡಿ ಸೇರಿ 'ಛಾಪ್' ಅನ್ನುವ ಮುದ್ರಣ ಕಾರ್ಯಾಗಾರ ಕಟ್ಟಿದರು. ಇಂಥ ಕಡೆಗಳಲ್ಲಿ ಉಸಿರು ನಿಲ್ಲಲು ನಾನಾ ದಾರಿ ಇವೆ. ಬಂದು ಕೆಲಸ ಮಾಡುವವರು ದಿನಕ್ಕಿಷ್ಟು ಅಂತ ಕೊಡುವುದು, ರಜೆಯಲ್ಲಿ ಕಲಿಕೆಯ ಶಿಬಿರ, ಹತ್ತು ಜನ ಒಂದೊಂದು ಚಿತ್ರ ಕೊಟ್ಟು ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು ಮಾರುವುದು, ಹೆಸರಾದ ಚಿತ್ರಕಾರನ ತಗಡನ್ನು ಅವನಿಗಾಗಿ ಮುದ್ರಿಸಿ ಕೂಲಿ ಪಡೆಯುವುದು. ಒಂದೊಂದೂ ಚಿಲ್ಲರೆ ದುಡ್ಡೇ. ಆದರೆ ಯಂತ್ರ ಸುಮ್ಮನೆ ನಿಲ್ಲುವುದಿಲ್ಲ.

ನಾನು ಆ ಆರು ಜನರಿಗೆ ಕೇಳಿದ್ದು, ನಿಮ್ಮ ಚಿತ್ರ ಯಾರು ಕೊಳ್ಳುತ್ತಾರೆ ಅಂತ. ಕೇಳಬೇಕಾಗಿದ್ದದ್ದು, ಈ ಪ್ರೆಸ್ಸು, ಈ ಹನ್ನೆರಡು ಕೈ ಸೇರಿ ಚಿತ್ರವಲ್ಲದೆ ಇನ್ನೇನು ಮಾಡಬಲ್ಲವು ಅಂತ. ಆಹ್ವಾನ ಪತ್ರಿಕೆ, ಶುಭಾಶಯದ ಕಾರ್ಡು, ಶಾಲಾ ಮಕ್ಕಳಿಗೆ ಭಾನುವಾರದ ತರಗತಿ, ಯಾವುದಾದರೂ ಒಂದು. ಬಾಡಿಗೆಯ ಶೆಡ್ಡು ಬಿಟ್ಟು ಯಾರದಾದರೂ ಮನೆಯ ಹಿತ್ತಿಲು ಸಿಗುತ್ತದಾ ಅಂತ. ಎರಡು ಲಕ್ಷದ ಬದಲು ಮೊದಲು ಐವತ್ತು ಸಾವಿರ ಸಾಕಾ ಅಂತ. ಇಷ್ಟು ಕೇಳಲು ಹತ್ತು ನಿಮಿಷ ಸಾಕಿತ್ತು. ಅವರು ನಿಂತೇ ಇದ್ದರು.

ಚೋಳಮಂಡಲದ ಎಲ್ಲವೂ ಸುಖಾಂತ ಅಂತ ನಾನು ಹೇಳಲಾರೆ. ಈಗ ಈಸ್ಟ್ ಕೋಸ್ಟ್ ರೋಡಿನಲ್ಲಿ ನೆಲದ ಬೆಲೆ ಗ್ರೌಂಡಿಗೆ ಕೋಟಿಗಳಲ್ಲಿ. ಗ್ರೌಂಡ್ ಅಂದರೆ 2,400 ಚದರಡಿ, ಮದರಾಸಿನ ಅಳತೆ. ಸುತ್ತ ಬಂಗಲೆ, ರೆಸಾರ್ಟು. ಇವತ್ತು ಕಲಾ ಕಾಲೇಜಿನಿಂದ ಹೊರಬಿದ್ದ ಹುಡುಗ ಹುಡುಗಿಯರು ಎಷ್ಟು ಬಟ್ಟೆಗೆ ಮೇಣ ಹಚ್ಚಿದರೂ ಅಲ್ಲಿ ಒಂದು ಚಾಪೆ ಹಾಸುವ ಜಾಗ ಕೊಳ್ಳಲಾರರು. ಮೊದಲ ತಲೆಮಾರಿನ ಬಹಳ ಮಂದಿ ಹೋಗಿಬಿಟ್ಟಿದ್ದಾರೆ. ಮಧ್ಯಾಹ್ನ ಹೋದರೆ ಊರು ತುಂಬ ನಿಶ್ಶಬ್ದ. ಆದರೂ ಮಾರಲು ಅಷ್ಟು ಆಸೆ ಹುಟ್ಟಿಸುವ ನೆಲ ಅರವತ್ತು ವರ್ಷದ ಹತ್ತಿರ ಹತ್ತಿರ ಕಲಾವಿದರ ಕೈಯಲ್ಲೇ ಉಳಿದಿದೆ ಅನ್ನುವುದು ಸಣ್ಣ ಮಾತಲ್ಲ. ನನ್ನ ಕೆಲಸದ ಕಾಲದಲ್ಲಿ ಅಣ್ಣ ತಮ್ಮಂದಿರೇ ಹತ್ತು ವರ್ಷ ಒಂದು ಸೈಟು ಇಟ್ಟುಕೊಳ್ಳಲಾರದೆ ಕೋರ್ಟಿಗೆ ಹೋದದ್ದನ್ನು ಎಷ್ಟು ನೋಡಿಲ್ಲ!

ನನ್ನ ಹೆಂಡತಿಯ ತಮ್ಮನಿಗೆ ಅವತ್ತು ಇದನ್ನೆಲ್ಲ ಶಿಲ್ಪಗಳ ನಡುವೆ ಒಂದು ಕಟ್ಟೆಯ ಮೇಲೆ ಕೂತು ಹೇಳಿದೆ. ಅವನು ಕೇಳಿದ್ದು ಒಂದೇ: "ಸಂಘದ ಪಾಲನ್ನು ಹಂಚಿಕೊಳ್ಳದೆ ಇಟ್ಟರಾ? ನಮ್ಮೂರಲ್ಲಿ ಇಡ್ತಿರಲಿಲ್ಲ ಬಿಡಿ ಭಾವ." ಮಕ್ಕಳು ಮೊಸಳೆ ಮೊಸಳೆ ಅಂತ ಕಾರಿನ ಹಾರ್ನ್ ಒತ್ತುತ್ತಿದ್ದರು.

ಆ ಧಾರವಾಡದ ಹುಡುಗಿ 1998ರಲ್ಲಿ ಒಮ್ಮೆ ಬ್ಯಾಂಕಿಗೆ ಬಂದಿದ್ದಳು. ಸೇವಿಂಗ್ಸ್ ಅಕೌಂಟ್ ಮುಚ್ಚಬೇಕಾಗಿತ್ತು. ಊರಿಗೆ ಹೋಗ್ತೀನ್ರಿ, ಸಾಲಿಯೊಳಗ ಡ್ರಾಯಿಂಗ್ ಟೀಚರ್ ಕೆಲಸ ಸಿಕ್ಕೇದ ಅಂದಳು. ಉಳಿದವರು ಎಲ್ಲಿ ಅಂದೆ. ಒಬ್ಬ ಜಾಹೀರಾತು ಕಂಪನಿ, ಇಬ್ಬರು ಸಿನಿಮಾದ ಸೆಟ್ ಹಾಕುವ ಕಡೆ, ಇನ್ನುಳಿದವರದ್ದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಖಾತೆಯಲ್ಲಿದ್ದ ಹಣ ಎಣಿಸಿ ಕೊಡಿಸಿದೆ. ಸಿಟ್ಟೇನೂ ತೋರಿಸಲಿಲ್ಲ. "ಬರ್ತೀನ್ರಿ ಸರ್" ಅಂತ ಹೇಳಿ ಹೋದಳು.

ನನಗೆ ಆ ಶಾಖೆಯಿಂದ ವರ್ಗವಾದಾಗ ಹಳೆಯ ಫೈಲುಗಳನ್ನು ವಿಂಗಡಿಸುತ್ತಿದ್ದೆ. ತಿರಸ್ಕೃತ ಅರ್ಜಿಗಳ ಕಟ್ಟಿನಲ್ಲಿ ಅವರ ಪ್ರಾಜೆಕ್ಟ್ ರಿಪೋರ್ಟ್ ಸಿಕ್ಕಿತು. ಹಿಂದಿನ ಪುಟಕ್ಕೆ ಪಿನ್ ಹಾಕಿ ಒಂದು ಎಚ್ಚಿಂಗ್ ಸೇರಿಸಿದ್ದರು, ಮಾದರಿಗಾಗಿ. ಸ್ಯಾಂಕ್ಷನ್ ಆದೀತೇ ಅಂತ ನೋಡುವ ಅವಸರದಲ್ಲಿ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮಳೆಯಲ್ಲಿ ನಿಂತ ಒಂದು ಸೈಕಲ್ ರಿಕ್ಷಾ, ಒಳಗೆ ಯಾರೂ ಇಲ್ಲ. ನಾಶ ಮಾಡುವ ಕಾಗದಗಳ ಜೊತೆ ಹೋಗಬೇಕಾಗಿದ್ದದ್ದನ್ನು ಮನೆಗೆ ತಂದು ಕಟ್ಟು ಹಾಕಿಸಿದೆ. ಸಮುದ್ರದ ಗಾಳಿಗೆ ಪಿನ್ನು ತುಕ್ಕು ಹಿಡಿದು ಒಂದು ಮೂಲೆಯಲ್ಲಿ ಕಂದು ಕಲೆ ಬಿದ್ದಿದೆ. ಕೆಳಗೆ ಪೆನ್ಸಿಲಿನಲ್ಲಿ 4/12 ಅಂತ ಇದೆ.